ಕಕ್ಕಡದ ಕತ್ತಲೆಗೆ ಒಂದೇ ಟ್ಯೂಬ್‌ಲೈಟ್ ಸಾಲದು

ಜುಲೈ ಬಂತೆಂದರೆ, ಕಕ್ಕಡವೆಂಬ ಮಳೆಯ ತಿಂಗಳು ಶುರುವಾಯಿತೆಂದರೆ, ಕೊಡಗಿನಲ್ಲಿ ಮಧ್ಯಾಹ್ನ ಮೂರಕ್ಕೇ ಸ್ವಿಚ್ ಒತ್ತಬೇಕು. ಹೊರಗೆ ಕಿಟಕಿಗೆ ಅಂಟಿದ ಮಂಜು. ಒಳಗೆ ಬೀಟೆ ಮರದ ಬಾಗಿಲು, ರೆಡ್‌ಆಕ್ಸೈಡ್ ನೆಲ, ಹೊಗೆ ಹಿಡಿದ ಹಲಗೆಯ ಅಟ್ಟ. ಇದ್ದಬದ್ದ ಬೆಳಕನ್ನೆಲ್ಲ ಇವೇ ಕುಡಿದುಬಿಡುತ್ತವೆ. ಆಗ ನಾವು ನಡುಮನೆಯ ಬಲ್ಬ್ ಕಿತ್ತು ಇನ್ನೂ ದೊಡ್ಡದು ಹಾಕುತ್ತೇವೆ. ಕಣ್ಣು ಕುಕ್ಕುತ್ತದೆ, ಸೂಜಿಗೆ ದಾರ ಮಾತ್ರ ಪೋಣಿಸಲಾಗುವುದಿಲ್ಲ. ಬೆಳಕು ಬೇಕಾದದ್ದು ಕೈ ಹತ್ತಿರ, ನಾವು ಸುರಿಯುವುದು ತಲೆಯ ಮೇಲೆ.

ಅಂಗಡಿಗೆ ಹೋಗುವ ಮೊದಲು ಒಂದು ಮಳೆಯ ಸಂಜೆ ದೀಪ ಹಾಕದೆ ಮನೆಯೆಲ್ಲ ಓಡಾಡಿ. ಎಲ್ಲಿ ಕಾಲು ತಡವರಿಸಿತು, ಎಲ್ಲಿ ಕೈ ನಿಂತಿತು, ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಮನೆಗೆ ಬೇಕಾದ ಬೆಳಕು ಮೂರು ಬಗೆ. ಮೊದಲನೆಯದು ಕೋಣೆಗೆಲ್ಲ ಹರಡುವ ಬೆಳಕು. ಡಬ್ಬದ ಮೇಲಿನ ವ್ಯಾಟ್ ಕರೆಂಟಿನ ಲೆಕ್ಕ, ಬೆಳಕಿನ ಲೆಕ್ಕ ಲೂಮೆನ್. 12 ಅಡಿಗೆ 12 ಅಡಿಯ ಕೋಣೆಗೆ, ಗೋಡೆ ಬಿಳಿಯಿದ್ದರೆ, 2,000 ಲೂಮೆನ್ ಸಾಕು. ಸುಮಾರು 20 ವ್ಯಾಟಿನ ಒಂದು ಎಲ್‌ಇಡಿ ಬ್ಯಾಟನ್, ಅಂದರೆ ಟ್ಯೂಬ್‌ಲೈಟಿನಂಥ ಉದ್ದ ದೀಪ. ಮರದ ಚಾವಣಿಯಾದರೆ ಇನ್ನರ್ಧ ಸೇರಿಸಿ. ಹಂಚಿನ ಮನೆಯಾದರೆ ಎರಡು ಗಾಜಿನ ಹಂಚು ಹಾಕಿಸಿಬಿಡಿ, ಹಗಲಿನ ಬಿಲ್ಲೇ ಇಲ್ಲ. ವರ್ಷಕ್ಕೊಮ್ಮೆ ಪಾಚಿ ಉಜ್ಜುವವರು ಸಿಗಬೇಕು, ಅಷ್ಟೆ.

ಬಣ್ಣಕ್ಕೆ ಕೆಲ್ವಿನ್ ನೋಡಿ. 2,700ರಿಂದ 3,000 ದೀಪದ ಕುಡಿಯ ಹಳದಿ, 4,000 ಸಾದಾ ಬಿಳಿ, 6,500 ನೀಲಿ ಬೆರೆತ ಬಿಳಿ. ಹೊರಗೆ ಮಂಜು, ಒಳಗೆ 6,500 ಎಂದರೆ ಮನೆ ಔಷಧಿ ಅಂಗಡಿಯಂತೆ ಕಾಣುತ್ತದೆ. ಕೂರುವ, ಮಲಗುವ ಕೋಣೆಗೆ ಹಳದಿಯೇ ಸರಿ. ಒಂದೇ ಕೋಣೆಯಲ್ಲಿ ಎರಡನ್ನೂ ಬೆರೆಸಬೇಡಿ.

ಎರಡನೆಯದು ಕೆಲಸದ ಬೆಳಕು, ಹೆಚ್ಚು ತಪ್ಪಾಗುವುದು ಇಲ್ಲೇ. ಅಡುಗೆಮನೆಯ ದೀಪ ಚಾವಣಿಯ ನಡುವೆ ಇದ್ದರೆ ಅದು ನಿಮ್ಮ ಬೆನ್ನ ಹಿಂದೆ ಉರಿಯುತ್ತದೆ, ತರಕಾರಿ ಹೆಚ್ಚುವ ಮಣೆಯ ಮೇಲೆ ನಿಮ್ಮದೇ ನೆರಳು. ಒಲೆಕಟ್ಟೆಯ ಮೇಲಿನ ಶೆಲ್ಫಿನ ತಳದಲ್ಲಿ, ಗೋಡೆಯ ಕಡೆಗಲ್ಲ, ನಿಮ್ಮ ಕಡೆಯ ಅಂಚಿಗೆ ಎಲ್‌ಇಡಿ ಸ್ಟ್ರಿಪ್ ಅಂಟಿಸಿ. ಇದಕ್ಕೆ 4,000 ಕೆಲ್ವಿನ್ ಆಗಬಹುದು, ಆದರೆ ಸಿಆರ್‌ಐ 90ರ ಮೇಲಿರಲಿ. ಬಣ್ಣವನ್ನು ಇದ್ದಂತೆ ತೋರಿಸುವ ಗುಣದ ಅಂಕ ಅದು, 100 ಎಂದರೆ ಪೂರ್ಣಾಂಕ. ಪಂದಿಕರಿಯ, ಅಂದರೆ ಹಂದಿಮಾಂಸದ ಸಾರಿನ, ಮಸಾಲೆ ಹುರಿಯುವಾಗ ಹದದ ಕಪ್ಪು ಯಾವುದು, ಸೀದ ಕಪ್ಪು ಯಾವುದು ಎಂದು ತಿಳಿಯಬೇಕಲ್ಲ! ಅಗ್ಗದ ಬಲ್ಬಿನಡಿ ನಾನೊಮ್ಮೆ ಬಾಣಲೆಗಟ್ಟಲೆ ಸೀಯಿಸಿ, ಅದಕ್ಕೆ ಹಾಕುವ ಕಪ್ಪು ಹುಳಿ ಕಾಚಂಪುಳಿಯ ಬಣ್ಣ ಎಂದು ಸಾಧಿಸಿದ್ದೆ. ಯಾರೂ ನಂಬಲಿಲ್ಲ. ಮದ್ದುಸೊಪ್ಪಿನ ಪಾಯಸದ ನೇರಳೆಯೂ ಕಳಪೆ ಬೆಳಕಿನಲ್ಲಿ ಬೂದಿಯಾಗುತ್ತದೆ. ಓದುವ ಮೇಜಿನ ದೀಪವನ್ನು ಬರೆಯುವ ಕೈಯ ಎದುರು ಬದಿಗಿಡಿ. ದೂರ ಅರ್ಧಕ್ಕಿಳಿಸಿದರೆ ಬೆಳಕು ಹತ್ತಿರಹತ್ತಿರ ನಾಲ್ಕು ಪಟ್ಟಾಗುತ್ತದೆ, ದೊಡ್ಡ ಬಲ್ಬ್ ಬೇಡ.

ಮೂರನೆಯದು ಅಂದದ ಬೆಳಕು. ಗೋಡೆಯ ಮೇಲಿನ ಒಡಿಕತ್ತಿಗೆ (ಕೊಡವರ ಬಾಗಿದ ಕತ್ತಿ), ಹಿರಿಯರ ಫೋಟೊಗೆ 3 ವ್ಯಾಟಿನ ಸ್ಪಾಟ್‌ಲೈಟ್ ಓರೆಯಾಗಿ ಬಿದ್ದರೆ ಸಾಕು. ನೇರ ಬಿಟ್ಟರೆ ಗಾಜಿನಲ್ಲಿ ಬಲ್ಬೇ ಕಾಣುತ್ತದೆ. ಐನ್‌ಮನೆಯ, ಅಂದರೆ ಕುಲದ ಹಿರಿಮನೆಯ, ನೆಲ್ಲಕ್ಕಿ ನಡುಬಾಡೆ ಎಂಬ ನಡುಕೋಣೆಯಲ್ಲಿ ತೂಗುದೀಪ ಉರಿಯುವ ಹೊತ್ತು ಈ ದೀಪಗಳನ್ನೆಲ್ಲ ಆರಿಸಿಬಿಡಿ.

ಮೂರಕ್ಕೂ ಬೇರೆಬೇರೆ ಸ್ವಿಚ್ ಇರಲಿ. ಗಾಳಿಮಳೆಗೆ ತೋಟದ ಮರ ತಂತಿಯ ಮೇಲೆ ಬಿದ್ದಿತೆಂದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು, ಇನ್ವರ್ಟರ್ ಲೈನಿಗೆ ಕೆಲಸದ ದೀಪಗಳನ್ನಷ್ಟೇ ಕೊಡಿ. 12 ವೋಲ್ಟಿನ 150 ಎಎಚ್ (ಆಂಪಿಯರ್‌ಅವರ್) ಬ್ಯಾಟರಿಯಲ್ಲಿ 1,800 ವ್ಯಾಟ್‌ಅವರ್. ಅರ್ಧವೇ ಕೈಗೆ ಸಿಕ್ಕರೂ 40 ವ್ಯಾಟಿನ ದೀಪಗಳು ಸುಮಾರು 20 ಗಂಟೆ ಉರಿದಾವು.

ಇನ್ನು ಹಿತ್ತಿಲ ಜಗಲಿ. ಅಲ್ಲಿಗೆ ನೀರು ನುಗ್ಗದ ಐಪಿ65 ದೀಪ, ಅದೂ ಹಳದಿ. ಬಿಳಿಯಾದರೆ ಮೊದಲ ಮಳೆಗೇ ರೆಕ್ಕೆಹುಳುಗಳೆಲ್ಲ ಅನ್ನದ ತಟ್ಟೆಗೆ. ಮೇಲೆ ಮಾತ್ರವಲ್ಲ, ಮೆಟ್ಟಿಲ ಪಕ್ಕ ಮೊಣಕಾಲೆತ್ತರದಲ್ಲೂ ಒಂದು ಹಾಕಿಸಿ. ತೋಟದಿಂದ ಬಂದು ಬೂಟು ಬಿಚ್ಚುವಾಗ ಜಿಗಣೆ ಕಾಣಬೇಕಾದದ್ದು ಅಲ್ಲಿ, ಹಾಸಿಗೆಯಲ್ಲಲ್ಲ.