ಹಾಸ್ಪಿಸ್‌ನವರನ್ನು ನಾನು ಪರೀಕ್ಷೆ ಮಾಡಿದ್ದು ಹೀಗೆ

ಗಂಗಾವತಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದವರ ಮನೆಯವರು ಚೀಟಿ ಹಿಡಿದುಕೊಂಡು ಬರುತ್ತಾರೆ. "ಇದಕ್ಕಿಂತ ಜೋರಿಂದು ನೋವಿನ ಗುಳಿಗಿ ಐತೇನ್ರಿ?" ಎಂದು ಕೇಳುತ್ತಾರೆ. ನನ್ನ ಹತ್ತಿರ ಇರುವುದು ಹೆಚ್ಚೆಂದರೆ ಟ್ರಮಡಾಲ್. ಅದಕ್ಕೂ 2018ರಿಂದ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ಕಾನೂನಿನ ಕಣ್ಣಿದೆ, ಸುಮ್ನೆ ಕೇಳಿದವರಿಗೆಲ್ಲ ಕೊಡುವ ಹಾಗಿಲ್ಲ. ಇಂಥವರಿಗೆ "ಪ್ಯಾಲಿಯೇಟಿವ್ ಕೇರ್‌ನವರನ್ನು ನೋಡಿ" ಎಂದು ಹೇಳಿ ಕಳಿಸುತ್ತಿದ್ದೆ. ವಾಸಿಯಾಗದ ರೋಗಿಯ ನೋವು, ತ್ರಾಸ ಕಡಿಮೆ ಇರುವ ಹಾಗೆ ನೋಡಿಕೊಳ್ಳುವವರು ಅವರು; ಕೊನೆಯ ದಿನಗಳಲ್ಲಿ ಹೀಗೆ ನೋಡಿಕೊಳ್ಳುವವರಿಗೆ ಹಾಸ್ಪಿಸ್ ಎಂದೂ ಹೇಳುತ್ತಾರೆ. ಅವರಲ್ಲಿ ಯಾರು ಒಳ್ಳೆಯವರು, ಅದನ್ನು ಹೇಗೆ ತಿಳಿಯುವುದು ಎಂದು ಕೂತು ಯೋಚಿಸಿದ್ದು ನಮ್ಮ ಮನೆಗೇ ಪಾಳಿ ಬಂದಾಗ.

ನಮ್ಮ ಕಾಕಾ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದವರು. ತಂಬಾಕು ಬಾಯಲ್ಲಿ ಇಲ್ಲದ ದಿನ ಇರಲಿಲ್ಲ. ದವಡೆಗೆ ಕ್ಯಾನ್ಸರ್ ಬಂತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು, ಕರೆಂಟೂ (ರೇಡಿಯೇಷನ್) ಕೊಡಿಸಿದೆವು. ವರ್ಷ ತುಂಬುವುದರೊಳಗೆ ಮತ್ತೆ ಗಂಟು ಎದ್ದಿತು. ಇನ್ನು ಆಪರೇಷನ್ ಆಗಲ್ಲ, ಕಿಮೋ ತಡೆಯುವ ಶಕ್ತಿ ಇಲ್ಲ, ನೋವು ಕಡಿಮೆ ಇರುವ ಹಾಗೆ ನೋಡಿಕೊಳ್ಳಿ ಎಂದರು ಡಾಕ್ಟರು. ಹೇಗೆ ನೋಡಿಕೊಳ್ಳಬೇಕು ಎಂದು ಮಾತ್ರ ಚೀಟಿಯಲ್ಲಿ ಬರೆದಿರಲಿಲ್ಲ.

ನಮ್ಮ ಮುಂದೆ ಮೂರು ದಾರಿ ಇದ್ದವು. ಒಂದು, ಬೆಂಗಳೂರಿನ ಕರುಣಾಶ್ರಯ. 1999ರಿಂದ ಅಲ್ಲಿ ಒಳರೋಗಿಗಳನ್ನು ಇಟ್ಟುಕೊಂಡು ನೋಡುತ್ತಾರೆ, ರೋಗಿಯಿಂದ ದುಡ್ಡು ತಗೊಳ್ಳುವುದಿಲ್ಲ. ಕಾಕಾ ಕೇಳಿದ ಕೂಡಲೇ ತಲೆ ಅಲ್ಲಾಡಿಸಿಬಿಟ್ಟರು. ಅಷ್ಟು ದೂರ ಹೋಗಲು ಕಾಕಿಗೂ ಮನಸ್ಸಿರಲಿಲ್ಲ. ಎರಡನೆಯದು, ಇಲ್ಲೇ ಹತ್ತಿರದ ಊರಿನ ಒಂದು ನರ್ಸಿಂಗ್ ಹೋಮ್. ಕೊನೆಯ ದಿನಗಳ ಆರೈಕೆಗೆ ಬೇರೆಯೇ ರೂಮುಗಳಿವೆ ಎಂದು ಬೋರ್ಡ್ ಹಾಕಿಕೊಂಡಿದ್ದರು. ಮೂರನೆಯದು, ಬಳ್ಳಾರಿ ಕಡೆಯಿಂದ ಮನೆಗೇ ಬಂದು ನೋಡುವ ಒಂದು ತಂಡ. ಒಬ್ಬ ಡಾಕ್ಟರು, ಇಬ್ಬರು ನರ್ಸ್, ಒಂದು ಹಳೇ ಓಮ್ನಿ. ಹೆಸರು ಯಾರದ್ದೂ ಹೇಳುವುದಿಲ್ಲ.

ನರ್ಸಿಂಗ್ ಹೋಮ್ ನೋಡಲು ಚೆನ್ನಾಗಿತ್ತು. ಎಸಿ ರೂಮು, ಹೊಸ ಮಂಚ, ಗೋಡೆಗೆ ಟಿವಿ. ನಾನು ಅಂಗಡಿಯವನು, ಔಷಧದಿಂದಲೇ ಶುರು ಮಾಡಿದೆ. "ಮಾರ್ಫಿನ್ ಮಾತ್ರೆ ಇಟ್ಟೀರೇನ್ರಿ?" ಎಂದೆ. "ಅದು ಬ್ಯಾಡ್ರಿ, ಚಟ ಹತ್ತತೈತಿ. ನಾವು ಇಂಜೆಕ್ಷನ್ ಹಾಕ್ತೀವಿ" ಎಂದರು. ಯಾವ ಇಂಜೆಕ್ಷನ್? ಡೈಕ್ಲೋಫೆನಾಕ್, ಟ್ರಮಡಾಲ್. ದಿನಾ ಒಂದೆರಡು ಸಲೈನ್ ಬಾಟ್ಲಿ. ಡೈಕ್ಲೋಫೆನಾಕ್ ದಿನಾ ಚುಚ್ಚುತ್ತ ಹೋದರೆ ಹೊಟ್ಟೆಯೂ ಕೆಡುತ್ತದೆ, ಕಿಡ್ನಿಯೂ ಕೆಡುತ್ತದೆ. ಟ್ರಮಡಾಲ್‌ಗೆ ಒಂದು ಮಿತಿ ಇದೆ, ಅದರ ಮೇಲೆ ಏರಿಸುವ ಹಾಗಿಲ್ಲ. ಕ್ಯಾನ್ಸರ್ ನೋವು ಎಷ್ಟಿದ್ದರೆ ಅಷ್ಟಕ್ಕೆ ತಕ್ಕಂತೆ ಮಾತ್ರೆ ಬಾಯಿಂದ, ಗಡಿಯಾರ ನೋಡಿ, ಹಂತ ಹಂತವಾಗಿ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 1986ರಲ್ಲಿ. ಜೋರು ನೋವಿಗೆ ಅದು ಹೇಳಿದ ಔಷಧವೇ ಮಾರ್ಫಿನ್. ಕ್ಯಾನ್ಸರ್ ನೋವಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಚಟ ಹತ್ತುವುದು ತೀರ ಅಪರೂಪ.

ಮಾರ್ಫಿನ್ ಇಟ್ಟುಕೊಳ್ಳುವುದೇ ಕಷ್ಟ ಎಂಬ ನೆಪ ಮೊದಲು ನಿಜವೇ ಆಗಿತ್ತು. ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ, ನಾಲ್ಕೈದು ಲೈಸೆನ್ಸು. ಎನ್‌ಡಿಪಿಎಸ್ ಕಾನೂನಿಗೆ 2014ರಲ್ಲಿ ತಿದ್ದುಪಡಿ ಆದ ಮೇಲೆ ಹಾಗಿಲ್ಲ. ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಸಂಸ್ಥೆ ಮಾರ್ಫಿನ್ ಇಟ್ಟುಕೊಳ್ಳಬಹುದು, ರೋಗಿಗೆ ಮನೆಗೂ ಕೊಡಬಹುದು. ಹಾಗಾಗಿ ಕೊನೆಯ ದಿನಗಳ ಆರೈಕೆ ಮಾಡ್ತೀವಿ ಎನ್ನುವವರ ಹತ್ತಿರ ಆ ಮಾನ್ಯತೆ ಇಲ್ಲ ಎಂದರೆ ನನ್ನ ಪಾಲಿಗೆ ಮಾತು ಅಲ್ಲಿಗೇ ಮುಗಿಯಿತು. ಎಸಿ ಇದ್ದರೇನು, ಟಿವಿ ಇದ್ದರೇನು?

ಮನೆಗೆ ಬರುವ ತಂಡದವರ ಹತ್ತಿರ ಮಾನ್ಯತೆ ಇತ್ತು. ರಿಜಿಸ್ಟರ್ ತೋರಿಸಿ ಎಂದೆ, ಬೇಜಾರಿಲ್ಲದೆ ತೋರಿಸಿದರು. ಯಾರಿಗೆ ಎಷ್ಟು ಮಾತ್ರೆ, ಯಾವತ್ತು, ಎಷ್ಟು ವಾಪಸ್, ಎಲ್ಲದಕ್ಕೂ ಸಹಿ. ಆಮೇಲೆ ನನ್ನ ಕಸುಬಿನ ಪ್ರಶ್ನೆಗಳನ್ನು ಕೇಳಿದೆ. ಕಾಕಾಗೆ ಆಗ ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆ, ರೈಲ್ಸ್ ಟ್ಯೂಬ್ ಇತ್ತು, ನುಂಗಲು ಆಗುತ್ತಿರಲಿಲ್ಲ. ಮಾತ್ರೆ ಪುಡಿ ಮಾಡಿ ನಳಿಕೆಯಲ್ಲಿ ಹಾಕಬಹುದಾ ಎಂದೆ. ನರ್ಸ್ ಕೂಡಲೇ ಹೇಳಿದರು: "ಮಾಮೂಲಿ ಮಾತ್ರೆ ಹಾಕಬಹುದ್ರಿ. ಎಸ್‌ಆರ್ ಅಂತ ಬರೆದಿದ್ದರೆ ಪುಡಿ ಮಾಡಬ್ಯಾಡ್ರಿ, ತಾಸುಗಟ್ಟಲೆ ನಿಧಾನ ಇಳಿಯೋ ಔಷಧ ಒಂದೇ ಸಲಕ್ಕ ಇಳೀತೈತಿ." ಮಾಮೂಲಿ ಮಾತ್ರೆಯ ಶಕ್ತಿ 4 ಗಂಟೆ. ಅದಕ್ಕೇ ರಾತ್ರಿ ಮಲಗುವಾಗ ಎರಡರಷ್ಟು ಕೊಟ್ಟರೆ ನಡುರಾತ್ರಿ ಎಬ್ಬಿಸುವುದು ತಪ್ಪುತ್ತದೆ ಎಂದೂ ಹೇಳಿದರು. ಮಲ ಕಟ್ಟುತ್ತದಲ್ಲ ಎಂದೆ. ಮಾರ್ಫಿನ್ ಬರೆದ ದಿನವೇ ಮಲ ಸಡಿಲ ಮಾಡುವ ಭೇದಿ ಮಾತ್ರೆಯನ್ನೂ ಬರೆಯುತ್ತೇವೆ, ಕಟ್ಟಿದ ಮೇಲೆ ಅಲ್ಲ ಎಂದರು. ಈ ಒಂದು ಉತ್ತರಕ್ಕೆ ನಾನು ಅರ್ಧ ಒಪ್ಪಿಬಿಟ್ಟೆ. ಮಾರ್ಫಿನ್ ಮಾತ್ರ ಬರೆದು ಭೇದಿ ಮಾತ್ರೆ ಬರೆಯದ ಚೀಟಿ ಕಂಡರೆ ಅಲ್ಲಿ ಈ ಕೆಲಸ ಕಲಿತವರಿಲ್ಲ ಎಂದು ತಿಳಿದುಕೊಳ್ಳಿ.

ನೋವಿಗೆ ಚರ್ಮದ ಮೇಲೆ ಅಂಟಿಸುವ ಫೆಂಟಾನಿಲ್ ಪಟ್ಟಿ ಬಗ್ಗೆಯೂ ಕೇಳಿದ್ದೆ. ಒಂದು ಹಚ್ಚಿದರೆ 72 ಗಂಟೆ, ರಗಳೆ ಇಲ್ಲ ಅಲ್ವಾ? ಡಾಕ್ಟರು ನಮ್ಮ ಮನೆಯ ತಗಡಿನ ಸೂರು ನೋಡಿದರು. ಆಗ ಮೇ ತಿಂಗಳು. "ಈ ಕಾವಿನಾಗ ಬ್ಯಾಡ್ರಿ. ಮೈ ಕಾದರೆ ಪಟ್ಟಿಯಿಂದ ಔಷಧ ಜಾಸ್ತಿ ಇಳೀತೈತಿ. ಜ್ವರ ಬಂದರೂ ಹಂಗ" ಎಂದರು. ಪಟ್ಟಿ ಮಾರ್ಫಿನ್‌ಗಿಂತ ಎಷ್ಟೋ ಪಟ್ಟು ದುಬಾರಿ. ಮಾರುವ ಮನಸ್ಸಿದ್ದವರು ಅದನ್ನೇ ಹಚ್ಚುತ್ತಿದ್ದರು.

ನೋವನ್ನು ಅವರು ಅಳೆದ ರೀತಿ ನನಗೆ ಇನ್ನೂ ಇಷ್ಟ. ಸೊನ್ನೆಯಿಂದ ಹತ್ತರ ತನಕ ಎಷ್ಟು ಎಂದು ಮೊದಲು ಕೇಳಿದರು. ಕಾಕಾ ಸುಮ್ಮನೆ ನೋಡಿದರು. ಮಾತಾಡಲು ಆಗದ್ದಕ್ಕೆ ಅವರ ಕೈಯಲ್ಲಿ ಯಾವಾಗಲೂ ಒಂದು ಹಳೇ ಖಾತೆ ಪುಸ್ತಕ ಇರುತ್ತಿತ್ತು. ಅದರಲ್ಲಿ "12 ಆಣೆ" ಎಂದು ಬರೆದರು. ರೂಪಾಯಿಗೆ 16 ಆಣೆ ಲೆಕ್ಕದಲ್ಲಿ ಬೆಳೆದ ಗುಮಾಸ್ತ! ನರ್ಸ್ ನಗಲಿಲ್ಲ, ತಿದ್ದಲಿಲ್ಲ. ತಮ್ಮ ಫೈಲಿನಲ್ಲೂ 12 ಆಣೆ ಎಂದೇ ಬರೆದುಕೊಂಡರು. ಅಲ್ಲಿಂದ ಮುಂದೆ ಫೋನಿನಲ್ಲೂ ಅದೇ ಲೆಕ್ಕ: "ಇವತ್ತು ಎಷ್ಟ್ ಆಣೆ ರೀ ಕಾಕಾ?" ಮೊದಲ ವಾರ ಮುಗಿಯುವ ಹೊತ್ತಿಗೆ 4 ಆಣೆಗೆ ಇಳಿದಿತ್ತು. ಕಾಕಾ ಕೂತು ನಿದ್ದೆ ಮಾಡುವುದು ಬಿಟ್ಟು ಮಲಗಿ ನಿದ್ದೆ ಮಾಡತೊಡಗಿದರು.

ಸೇರುವ ಮೊದಲೇ ಇನ್ನೊಂದು ಕೆಲಸ ಮಾಡಿದ್ದೆ. ಭಾನುವಾರ ರಾತ್ರಿ ಹನ್ನೊಂದರ ಮೇಲೆ ಎರಡೂ ಕಡೆ ಫೋನ್ ಹಚ್ಚಿದೆ. ನರ್ಸಿಂಗ್ ಹೋಮ್‌ನಲ್ಲಿ ಬಹಳ ಹೊತ್ತಿನ ಮೇಲೆ ಯಾರೋ ಎತ್ತಿ, "ಡಾಕ್ಟ್ರು ಮುಂಜಾನಿ ಬರ್ತಾರ" ಎಂದು ಇಟ್ಟರು. ತಂಡದ ನಂಬರಿಗೆ ಒಬ್ಬ ನರ್ಸ್ ಸಿಕ್ಕರು. ಹೆಸರು ಕೇಳುವ ಮೊದಲು "ನೋವು ಐತೇನ್ರಿ, ಉಸಿರಾಟದ ತ್ರಾಸ ಐತೇನ್ರಿ, ರಕ್ತ ಹೊಂಟೈತೇನ್ರಿ?" ಎಂದು ಕೇಳಿದರು. ಅವರ ಆರೈಕೆ ಪಡೆದ ಮನೆಯವರೊಬ್ಬರು ನನ್ನ ಗಿರಾಕಿಯೇ. ಅವರನ್ನೂ ವಿಚಾರಿಸಿದೆ. "ಚಲೋ ನೋಡ್ಕೊಂಡ್ರು" ಎಂಬ ಮಾತು ಎಲ್ಲರೂ ಹೇಳುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಕೊನೆಯ ರಾತ್ರಿ ಏನಾಯಿತು, ಯಾರು ಫೋನ್ ಎತ್ತಿದರು, ಬೇಕಾದ ಔಷಧ ಮನೆಯಲ್ಲಿ ಇತ್ತಾ ಎಂದು ಬಿಡಿಸಿ ಕೇಳಬೇಕು.

ನಮ್ಮ ಕಡೆಯವರು ಮಾತ್ರ ಕೇಳಬೇಕಾದ ಪ್ರಶ್ನೆಯೂ ಒಂದಿದೆ: ಕಂಪ್ಲಿ ಸೇತುವೆ ಮುಳುಗಿದರೆ ಏನ್ ಮಾಡ್ತೀರಿ? ತುಂಗಭದ್ರಾ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೆ ಕಂಪ್ಲಿ–ಗಂಗಾವತಿ ದಾರಿ ಬಂದ್. ಬೇರೆ ದಾರಿ ಸುತ್ತಿ ಬರಬೇಕು. ಮಳೆಗಾಲ ಪೂರ್ತಿ ಎರಡು ವಾರದ ಔಷಧ ಮುಂಗಡ ಮನೆಯಲ್ಲಿ ಇಡುತ್ತೇವೆ, ವಿಡಿಯೋ ಕಾಲ್‌ನಲ್ಲಿ ಗಾಯ ನೋಡುತ್ತೇವೆ ಎಂದಿದ್ದರು. ಆಗಸ್ಟಿನಲ್ಲಿ ಸೇತುವೆ ಬಂದ್ ಆಯಿತು. ಅಷ್ಟರಲ್ಲಿ ಡಬ್ಬಿ ತುಂಬಿಸಿ ಹೋಗಿದ್ದರು.

ಗಾಯದ ವಿಷಯ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ದವಡೆಯ ಗಾಯ ಹೊರಗೆ ತೆರೆದುಕೊಂಡಿತ್ತು. ವಾಸನೆಗೆ ಮೊಮ್ಮಕ್ಕಳು ಹತ್ತಿರ ಹೋಗುತ್ತಿರಲಿಲ್ಲ. ಕಾಕಾಗೆ ನೋವಿಗಿಂತ ಅದೇ ದೊಡ್ಡ ಸಂಕಟ. ನರ್ಸ್ ಮೆಟ್ರೋನಿಡಜೋಲ್ ಮಾತ್ರೆಯನ್ನು ನುಣ್ಣಗೆ ಅರೆದು ಗಾಯದ ಮೇಲೆ ಉದುರಿಸಿದರು. ಅಂಗಡಿಯಲ್ಲಿ ನಾನು ದಿನಾ ಮಾರುವ ಮಾತ್ರೆ ಅದು. ಕೆಲವೇ ದಿನಗಳಲ್ಲಿ ವಾಸನೆ ಬಹಳ ಇಳಿಯಿತು. ಹುಳ ಬಿದ್ದರೆ ಟರ್ಪಂಟೈನ್ ಹೇಗೆ ಬಳಸಬೇಕು, ಗಾಜ್ ಅಂಟಿದ್ದರೆ ಎಳೆಯದೆ ಸಲೈನ್ ಹಾಕಿ ನೆನೆಸಿ ಬಿಡಿಸಬೇಕು ಎಂದು ತೋರಿಸಿದರು. ಆಮೇಲೆ ಕಾಕಿ ಕೈಯಲ್ಲಿ ಮಾಡಿಸಿದರು, ತಾವು ಪಕ್ಕದಲ್ಲಿ ನಿಂತು ನೋಡಿದರು. ಮನೆಯವರಿಗೆ ಕಲಿಸದೆ ತಾವೇ ಮಾಡಿ ಹೋಗುವ ತಂಡ ಎಷ್ಟು ಚೆನ್ನಾಗಿದ್ದರೂ ಉಳಿದ ದಿನಗಳಲ್ಲಿ ನಮಗೆ ಉಪಯೋಗವಿಲ್ಲ.

ಒಂದು ದಿನ ನರ್ಸ್ ನನ್ನನ್ನು ಹೊರಗೆ ಕರೆದು, ಕಪ್ಪು ಅಥವಾ ಗಾಢ ಕೆಂಪು ಬಣ್ಣದ ನಾಲ್ಕು ಟವೆಲ್ ತಂದು ಹಾಸಿಗೆ ಹತ್ತಿರ ಇಡಿ ಎಂದರು. ಕುತ್ತಿಗೆಯ ದೊಡ್ಡ ರಕ್ತನಾಳದ ಹತ್ತಿರ ಗಾಯ ಬಂದಿದೆ, ಒಮ್ಮೆಲೆ ರಕ್ತ ಬರಬಹುದು, ಬಿಳಿ ಬಟ್ಟೆಯಲ್ಲಿ ನೋಡಿದರೆ ಎಲ್ಲರೂ ಹೆದರುತ್ತಾರೆ. ಹಾಗೆ ಆದರೆ ಯಾವ ಇಂಜೆಕ್ಷನ್, ಯಾರಿಗೆ ಫೋನ್, ಕಾಗದದಲ್ಲಿ ಬರೆದುಕೊಟ್ಟರು. ಹಾಗೇನೂ ಆಗಲಿಲ್ಲ. ಆದರೆ ಆಗುವ ಕೆಟ್ಟದ್ದನ್ನು ಮೊದಲೇ ಯೋಚಿಸಿ, ನಮಗೂ ಹೇಳಿ, ತಯಾರಿ ಮಾಡಿಸಿದವರ ಮೇಲೆ ನನಗೆ ಬಂದ ನಂಬಿಕೆ ಬೇರೆ ಯಾವುದರಿಂದಲೂ ಬರಲಿಲ್ಲ.

ದುಡ್ಡು? ಭೇಟಿಗೆ ತಗೊಳ್ಳಲಿಲ್ಲ, ಡ್ರೆಸ್ಸಿಂಗ್ ಸಾಮಾನು ನಮ್ಮದು. ದುಡ್ಡು ತಗೊಳ್ಳುವವರೆಲ್ಲ ಕೆಟ್ಟವರಲ್ಲ, ಯಾವುದಕ್ಕೆ ಎಷ್ಟು ಎಂದು ಮೊದಲೇ ಬರೆದುಕೊಟ್ಟರೆ ಸಾಕು. ಸರ್ಕಾರದ ಆಯುಷ್ಮಾನ್ ಆರೋಗ್ಯ ಮಂದಿರದ ಸೇವೆಗಳ ಪಟ್ಟಿಯಲ್ಲೂ ಈ ಆರೈಕೆ ಇದೆ. ನಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ಹೇಳಿದ ಮೇಲೆ ಗಾಜ್, ಹತ್ತಿ ಅಲ್ಲಿಂದಲೂ ಸ್ವಲ್ಪ ಸಿಕ್ಕಿತು.

ಜಗಳ ಆಗಿದ್ದು ಸಲೈನ್ ವಿಷಯಕ್ಕೆ. ಕಾಕಾ ನಳಿಕೆಯಲ್ಲಿ ಕೊಟ್ಟ ಗಂಜಿಯೂ ಬೇಡ ಎನ್ನತೊಡಗಿದಾಗ ಬಂಧುಗಳೆಲ್ಲ ಒಂದೇ ಮಾತು: "ಎರಡು ಬಾಟ್ಲಿ ಗ್ಲೂಕೋಸ್ ಹಾಕಿಸ್ರಪ್ಪ, ಉಪವಾಸ ಕೆಡವಿ ಸಾಯಿಸ್ತೀರೇನು?" ಬಾಟ್ಲಿ ಮಾರುವವನು ನಾನೇ, ಬೇಡ ಎನ್ನುವವನೂ ನಾನೇ. ನನ್ನ ಮಾತು ಯಾರು ಕೇಳುತ್ತಾರೆ? ಡಾಕ್ಟರು ಬಂದು ಎಲ್ಲರನ್ನೂ ಕೂರಿಸಿಕೊಂಡರು. ಸಾಯುವ ದೇಹಕ್ಕೆ ಹಸಿವು ಇರುವುದಿಲ್ಲ, ಹಾಕಿದ ನೀರು ಎದೆಯಲ್ಲಿ, ಕಾಲಲ್ಲಿ ನಿಲ್ಲುತ್ತದೆ, ಉಸಿರಿಗೆ ತ್ರಾಸ ಜಾಸ್ತಿ ಆಗುತ್ತದೆ, ಬಾಯಿ ಒಣಗದ ಹಾಗೆ ಒದ್ದೆ ಬಟ್ಟೆಯಿಂದ ಒರೆಸುತ್ತಿರಿ ಎಂದು ನಿಧಾನವಾಗಿ ಹೇಳಿದರು. ದೊಡ್ಡತ್ತಿ ಒಪ್ಪಲಿಲ್ಲ. ಅವರ ಹತ್ತಿರ ಮತ್ತೆ ಕೂತರು. ಬೈಯಲಿಲ್ಲ, ಹೆದರಿಸಲಿಲ್ಲ.

ಐಸಿಯು, ವೆಂಟಿಲೇಟರ್ ವಿಷಯ ಅವರು ಕೇಳಿದ್ದು ಕಾಕಾನನ್ನೇ, ನಮ್ಮನ್ನಲ್ಲ. ಖಾತೆ ಪುಸ್ತಕದಲ್ಲಿ ಉತ್ತರ ಬಂತು: "ಬ್ಯಾಡ. ಮನಿ." ಇಂಥ ಇಚ್ಛೆಯನ್ನು ಮೊದಲೇ ಬರೆದಿಡಬಹುದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. 2023ರಲ್ಲಿ ಅದನ್ನು ಸುಲಭ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಮ್ಮ ರಾಜ್ಯವೂ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ನಾವು ನೋಟರಿ ಮಾಡಿಸಿ ಒಂದು ಪ್ರತಿ ತಂಡಕ್ಕೂ ಕೊಟ್ಟೆವು.

ಸೆಪ್ಟೆಂಬರ್‌ನಲ್ಲಿ ಕಾಕಾ ಮನೆಯಲ್ಲೇ ತೀರಿಕೊಂಡರು. ಕೊನೆಯ ಎರಡು ದಿನ ಗಂಟಲಲ್ಲಿ ಗೊರಗೊರ ಸದ್ದು ಬಂತು. ಅದಕ್ಕೆ ಬೇಕಾದ ಇಂಜೆಕ್ಷನ್ ಡಬ್ಬಿಯಲ್ಲಿ ಮೊದಲೇ ಇತ್ತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದರು. ಸಾವಿನ ಕಾರಣದ ಪ್ರಮಾಣಪತ್ರವನ್ನು ಅವರ ಡಾಕ್ಟರೇ ಬರೆದುಕೊಟ್ಟರು, 21 ದಿನದೊಳಗೆ ನಗರಸಭೆಯಲ್ಲಿ ನೋಂದಣಿ ಮಾಡಿಸಿ ಎಂದು ನೆನಪಿಸಿದರು. ಆಸ್ಪತ್ರೆಯಲ್ಲಿ ಸಾಯದವರ ಮನೆಯವರು ಈ ಕಾಗದಕ್ಕಾಗಿ ಅಲೆದಾಡುವುದನ್ನು ನಾನು ಅಂಗಡಿಯಲ್ಲಿ ಕೂತು ನೋಡಿದ್ದೇನೆ. ಇದನ್ನೂ ಸೇರುವಾಗಲೇ ಕೇಳಿಕೊಳ್ಳಿ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ರಿಜಿಸ್ಟರಿನಲ್ಲಿ ಬರೆದು, ನನ್ನ ಸಹಿ ಹಾಕಿಸಿಕೊಂಡು ವಾಪಸ್ ತಗೊಂಡರು.

ದಿನಕರ್ಮ ಎಲ್ಲ ಮುಗಿದ ಮೇಲೆ ನರ್ಸ್ ಮತ್ತೆ ಬಂದರು. ಕರೆದಿರಲಿಲ್ಲ. ಕಾಕಿಯ ಹತ್ತಿರ ಕೂತು ಊಟ, ನಿದ್ದೆ ವಿಚಾರಿಸಿದರು. ಹೋಗುವಾಗ ಬಿಪಿ ನೋಡಿದರು, 170 ಇತ್ತು. ಅಷ್ಟು ತಿಂಗಳು ನಾವ್ಯಾರೂ ಕಾಕಿಯ ಕಡೆ ನೋಡಿರಲೇ ಇಲ್ಲ. ಮರುದಿನ ಡಾಕ್ಟರಿಗೆ ತೋರಿಸಿದೆವು. ಈಗ ಬಿಪಿ ಮಾತ್ರೆ ತಿಂಗಳಿಗೊಮ್ಮೆ ನನ್ನ ಅಂಗಡಿಯಿಂದಲೇ ಹೋಗುತ್ತದೆ.