ಎಲೆಕ್ಟೋನ್ ಆರ್ಗನ್‌ನ ಕರಕರ: ಸ್ಪ್ರೇಗಿಂತ ಮೊದಲು ಮೀಟರ್

ಹಳೇ ಆರ್ಗನ್ ಸ್ಲೈಡರ್ ಕರಕರ ಅಂದರೆ ನಮ್ಮಲ್ಲಿ ಸಿಗುವ ಸಲಹೆ ಎರಡೇ. ಒಂದೋ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡಿ, ಇಲ್ಲ ಪಾಟ್ (ಪೊಟೆನ್ಶಿಯೋಮೀಟರ್, ಸ್ಲೈಡರ್ ಅಂದರೂ ಇದೇ) ಬದಲಾಯಿಸು. ಎರಡನ್ನೂ ಮಾಡಿ ನೋಡಿದ್ದೇನೆ, ದುಡ್ಡೂ ಕಳೆದಿದ್ದೇನೆ. ಈಗ ನನ್ನ ಯಮಹಾ ಎಲೆಕ್ಟೋನ್ ಅನ್ನೋ ಎಲೆಕ್ಟ್ರಾನಿಕ್ ಆರ್ಗನ್ ಒಂದಿಡೀ ಮಳೆಗಾಲ ದಾಟಿಯೂ ತೆಪ್ಪಗಿದೆ. "ಗುಜರಿಗೆ ಹಾಕು ಗುರು, ಆ ಡಬ್ಬಕ್ಕೆ ಯಾಕೆ ದುಡ್ಡು ಸುರೀತೀಯ?" ಅಂದಿದ್ದ ಆರ್ಕೆಸ್ಟ್ರಾ ಗೆಳೆಯರೇ ಈಗ ತಮ್ಮ ಹಳೇ ಕೀಬೋರ್ಡ್ ಹೊತ್ತುಕೊಂಡು ಮನೆಗೆ ಬರುತ್ತಿದ್ದಾರೆ. ಹಾಗಾಗಿ ಬರೆಯೋಕೆ ನನಗೆ ಹಕ್ಕಿದೆ ಅಂದುಕೊಂಡಿದ್ದೇನೆ.

ಯಮಹಾದವರು ಎಲೆಕ್ಟೋನ್ ಶುರು ಮಾಡಿದ್ದು 1959ರಲ್ಲಿ, ಡಿ-1 ಮಾಡೆಲ್‌ನಿಂದ. ನನ್ನದು ಅಷ್ಟು ಹಳೆಯದಲ್ಲ, 70ರ ದಶಕದ್ದು. ಎರಡು ಕೀಬೋರ್ಡ್, ತಲಾ 44 ಕೀ, ಕಾಲಿಗೆ 13 ಪೆಡಲ್, ಪಕ್ಕದಲ್ಲಿ ಒಂದು ರಿದಮ್ ಬಾಕ್ಸ್. ಕೊಂಡಿದ್ದು 9,000ದ ಆಸುಪಾಸು. ಟಾಟಾ ಏಸ್ ಬಾಡಿಗೆ, ಎತ್ತಿಳಿಸಿದ ಹುಡುಗರ ಕಾಫಿ-ತಿಂಡಿ ಎಲ್ಲಾ ಸೇರಿ ಇನ್ನೊಂದು 2,000. ಹಿಂದಿನ ಹಲಗೆ ಬಿಚ್ಚಿದರೆ ಒಳಗೆ ಜಿರಲೆ ಹಿಕ್ಕೆ, ಇಲಿ ಕಡಿದ ವೈರು, ಯಾವುದೋ ಮದುವೆ ಇನ್ವಿಟೇಶನ್ ಚೂರು. ಸದ್ದೇನೋ ಬರುತ್ತಿತ್ತು. ಆದರೆ ಯಾವ ಟೋನ್ ಲಿವರ್ (ನಾದ ಬದಲಿಸುವ ಸ್ಲೈಡರ್) ಮುಟ್ಟಿದರೂ ಸ್ಪೀಕರಲ್ಲಿ ಹಪ್ಪಳ ಮುರಿದಂಗೆ.

ಮೊದಲು ಎಲ್ಲರಂತೆ ಸ್ಪ್ರೇ. ನನಗಿಂತ ಮುಂಚೆ ಯಾರೋ ತುಕ್ಕು ಬಿಡಿಸೋ ಎಣ್ಣೆ ಸ್ಪ್ರೇ ಧಾರಾಳವಾಗಿ ಹೊಡೆದಿದ್ದರು. ಅದು ಧೂಳಿನ ಜೊತೆ ಸೇರಿ ಕಪ್ಪು ಅಂಟಾಗಿತ್ತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಲ್ಲಿ ಸುಲಭವಾಗಿ ಸಿಗೋ ಸಿಆರ್‌ಸಿ 2-26 ಸ್ಪ್ರೇ ತಂದೆ. ಒಂದು ವಾರ ಚೆನ್ನಾಗಿತ್ತು, ಆಮೇಲೆ ಅದೇ ರಾಗ. ಡಿಆಕ್ಸಿಟ್ ಅನ್ನೋ ದುಬಾರಿ ಕಾಂಟ್ಯಾಕ್ಟ್ ಕ್ಲೀನರ್ ತರಿಸಿದೆ, ಸಣ್ಣ ಡಬ್ಬಿಗೇ ಹೆಚ್ಚುಕಡಿಮೆ 3,000 ಹೋಯಿತು. ಅದು ಒಳ್ಳೇ ಮಾಲು, ಸುಳ್ಳು ಹೇಳಬಾರದು. ಮುಕ್ಕಾಲು ಪಾಲು ಲಿವರ್ ಸರಿಹೋದವು. ಉಳಿದ ಕಾಲು ಪಾಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಸರಿ, ಸ್ಲೈಡರನ್ನೇ ಬಿಚ್ಚೋಣ ಅಂತ ಕೂತೆ. ತಗಡಿನ ಕಿವಿಗಳನ್ನು ನಿಧಾನವಾಗಿ ಎತ್ತಬೇಕು. ಒಂದು ಸಲ ಬಗ್ಗಿಸಬಹುದು, ಎರಡು ಸಲ ಬಗ್ಗಿಸಬಹುದು, ಮೂರನೇ ಸಲಕ್ಕೆ ಮುರಿಯುತ್ತವೆ. ಒಳಗೆ ಕಾರ್ಬನ್ ಪಟ್ಟಿ. ಅದರ ಮೇಲೆ ವೈಪರ್ (ಲಿವರ್ ಜೊತೆ ಜಾರುವ ಲೋಹದ ಬೆರಳು) ಓಡಿ ಓಡಿ ಬಿದ್ದ ಎರಡು ಮಾಸಲು ಗೆರೆ. ವೈಪರ್ ಬೆರಳುಗಳ ಸಂದಿಯಲ್ಲಿ ಕಾಡಿಗೆಯಂಥ ಜಿಡ್ಡು. ಮೆಡಿಕಲ್ ಶಾಪಿನ ಸಿರಿಂಜಲ್ಲಿ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಬಿಟ್ಟು, ಮೆತ್ತನೆ ಬ್ರಷ್ಷಲ್ಲಿ ಒಂದೇ ದಿಕ್ಕಿಗೆ ಒರೆಸಿದೆ. ತಿಕ್ಕಬಾರದು, ತಿಕ್ಕಿದರೆ ಕಾರ್ಬನ್ನೇ ಎದ್ದು ಬರುತ್ತದೆ. ಥಿನ್ನರ್, ಅಸಿಟೋನ್ ಹತ್ತಿರಕ್ಕೂ ತರಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಆಮೇಲೆ ಸೂಜಿಯಲ್ಲಿ ವೈಪರ್ ಬೆರಳುಗಳನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದೆ. ಆಗ ಅವು ಸವೆದ ಗೆರೆ ಬಿಟ್ಟು ಪಕ್ಕದ ಹೊಸ ಜಾಗದಲ್ಲಿ ಓಡುತ್ತವೆ. ಈ ಕೆಲಸಕ್ಕೆ ಕನ್ನಡಕ ಮತ್ತು ತಾಳ್ಮೆ ಎರಡೂ ಬೇಕು.

ತೊಳೆದ ಮೇಲೆ ಇನ್ನೊಂದು ತಲೆನೋವು. ಫ್ಯಾಕ್ಟರಿಯಲ್ಲಿ ಹಾಕಿದ್ದ ಗ್ರೀಸೂ ಹೋಗಿ ಲಿವರ್ ಸಡಿಲ ಆಗುತ್ತದೆ, ಕೈಗೆ ಹಿತ ಅನ್ನಿಸೋದಿಲ್ಲ. ಪಟ್ಟಿಗೆ ಏನೂ ತಾಗದ ಹಾಗೆ ಬರೀ ಜಾರುವ ಅಂಚಿಗೆ ಸಿಲಿಕೋನ್ ಗ್ರೀಸ್ ಸವರಬೇಕು. ಬರೀ ಸಿಲಿಕೋನ್ ಹಾಕಿದರೆ ತೀರಾ ನುಣುಪಾಗುತ್ತದೆ. ನಾನು ಅದಕ್ಕೆ ಇನ್ನೊಂದನ್ನು ಸ್ವಲ್ಪ ಸೇರಿಸುತ್ತೇನೆ. ಅದರ ಪಾಕ ಮಾತ್ರ ಹೇಳಲ್ಲ, ಅದೂ ಹೇಳಿಬಿಟ್ಟರೆ ನನ್ನ ಹತ್ತಿರ ಯಾರು ಬರುತ್ತಾರೆ!

ತೀರಾ ಸವೆದ ಪಟ್ಟಿಗೆ ಪೆನ್ಸಿಲ್ ಗೀಚೋ ಪ್ರಯೋಗವನ್ನೂ ಮಾಡಿದೆ. 6ಬಿ ಪೆನ್ಸಿಲ್, ಮೇಲೆ ಹತ್ತಿಯಲ್ಲಿ ಒರೆಸೋದು. ಎರಡು-ಮೂರು ವಾರ ಚೆನ್ನಾಗಿತ್ತು. ಆಮೇಲೆ ಪುಡಿ ಉದುರಿ ಮೊದಲಿಗಿಂತ ಜಾಸ್ತಿ ಗಲಾಟೆ. ಬೇಡ.

ಇಷ್ಟೆಲ್ಲ ಆದರೂ ನಾಲ್ಕೈದು ಲಿವರ್ ಹಟ ಬಿಡಲಿಲ್ಲ. ಹೊಸ ಪಾಟನ್ನೇ ಹಾಕೋಣ ಅಂತ ಎಸ್‌ಪಿ ರೋಡಿಗೆ ಹೋದೆ. ಅಂಗಡಿಯವರು ನನ್ನ ಹಳೇ ಸ್ಲೈಡರನ್ನು ಬೆಳಕಿಗೆ ಹಿಡಿದು ನೋಡಿ, "ಸಾರ್, ಇದು ಸಿಗಲ್ಲ. 50 ಕೆ ಇದೆ, ಬೇಕಾದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. 50 ಕೆ ಅಂದರೆ 50,000 ಓಮ್‌ನ ಪಾಟ್. ಒಂದಕ್ಕೆ 50 ರೂಪಾಯಿ. ಕಾಲು ಕೂರಲಿಲ್ಲ, ಓಟ ಗಿಡ್ಡ, ಹಳೇ ನಾಬ್ ಅದರ ಮೇಲೆ ನಿಲ್ಲಲಿಲ್ಲ. ವೈರ್ ಎಳೆದು ಹೊರಗೆ ತೂಗುಬಿಟ್ಟು ಪರೀಕ್ಷೆ ಮಾಡಿದೆ. ಅಂಗಡಿಯಿಂದ ಈಗಷ್ಟೇ ತಂದ ಹೊಸ ಪಾಟು, ಅದೂ ಕರಕರ! ವಿದೇಶದಿಂದ ಒರಿಜಿನಲ್ ತರಿಸಿದರೆ ಶಿಪ್ಪಿಂಗ್, ಕಸ್ಟಮ್ಸ್ ಎಲ್ಲಾ ಸೇರಿ ಒಂದಕ್ಕೆ 1,500 ಆಗುತ್ತಿತ್ತು. ಸದ್ಯ, ಆರ್ಡರ್ ಮಾಡಿರಲಿಲ್ಲ.

ಹೊಸದೂ ಗಲಾಟೆ ಮಾಡುತ್ತೆ ಅಂದಮೇಲೆ ತಪ್ಪು ಪಾಟಿನದಲ್ಲ ಅಲ್ವಾ? ಮಲ್ಟಿಮೀಟರನ್ನು ಡಿಸಿ (ನೇರ ವಿದ್ಯುತ್) 2 ವೋಲ್ಟಿಗೆ ಇಟ್ಟು ಪಾಟಿನ ಎರಡು ತುದಿಗೆ ಹಿಡಿದೆ. ಸರಿಯಿದ್ದ ಲಿವರ್‌ಗಳಲ್ಲಿ ಒಂದೆರಡು ಮಿಲಿವೋಲ್ಟ್, ಅಂದರೆ ಏನೂ ಇಲ್ಲ. ಹಟಮಾರಿಗಳಲ್ಲಿ 300, 400. ಒಂದರಲ್ಲಂತೂ ಅರ್ಧ ವೋಲ್ಟಿಗೂ ಮೇಲೆ. ಪಾಟಿಗೆ ಮುಂಚೆ ಕೂತ ಕಪ್ಲಿಂಗ್ ಕಂಡೆನ್ಸರ್ (ಡಿಸಿ ತಡೆದು ಸ್ವರವನ್ನಷ್ಟೇ ಬಿಡಬೇಕಾದದ್ದು) ಡಿಸಿಯನ್ನು ಸೋರಿಸುತ್ತಿತ್ತು. ಪಟ್ಟಿ ಮೇಲೆ ಡಿಸಿ ನಿಂತರೆ ವೈಪರ್ ಒಂದು ಹೆಜ್ಜೆ ಇಟ್ಟರೂ ಸ್ಪೀಕರ್ ಕಿರುಚುತ್ತದೆ, ಪಾಟ್ ಎಷ್ಟೇ ಶುಭ್ರವಾಗಿದ್ದರೂ. ಸ್ಪ್ರೇ ಹೊಡೆದಾಗ ವಾರ ಸುಮ್ಮನಿದ್ದು ಮತ್ತೆ ಶುರು ಮಾಡುತ್ತಿದ್ದವು ಇವೇ.

4.7 ಮೈಕ್ರೋಫ್ಯಾರಡ್, 50 ವೋಲ್ಟಿನ ಕಂಡೆನ್ಸರ್ ಒಂದಕ್ಕೆ 2-3 ರೂಪಾಯಿ. ಒಂದು ಹಿಡಿ ತಂದು ಲಿವರ್ ಸಾಲಿನ ಎಲ್ಲವನ್ನೂ ಬದಲಾಯಿಸಿದೆ. 25 ವ್ಯಾಟಿನ ಸೋಲ್ಡ್ರಾನ್ (ಬೆಸುಗೆ ಕಡ್ಡಿ) ಸಾಕು. ಬೋರ್ಡು ಹಳೇ ಬ್ರೌನ್ ಬಣ್ಣದ್ದು, ಬಿಸಿ ಜಾಸ್ತಿ ಆದರೆ ತಾಮ್ರದ ದಾರಿ ಎದ್ದುಬರುತ್ತದೆ. ಹಾಗಾಗಿ ಹಳೇ ಲೆಡ್ಡಿನ (ಬೆಸುಗೆಯ) ಮೇಲೆ ಸ್ವಲ್ಪ ಹೊಸ ಲೆಡ್ ಹಾಕಿ ಕರಗಿಸಿ, ಆಮೇಲೆ ವಿಕ್ ಅನ್ನೋ ತಾಮ್ರದ ಹೆಣೆದ ಪಟ್ಟಿಯಲ್ಲಿ ಹೀರಿಸಿದೆ. ಕಂಡೆನ್ಸರ್ ಖರ್ಚು ಒಟ್ಟು 100 ರೂಪಾಯಿ ದಾಟಿರಲಿಕ್ಕಿಲ್ಲ. ಡಬ್ಬಿ ಸ್ಪ್ರೇಗೆ 3,000, ಇದಕ್ಕೆ 100! ಮತ್ತೆ ಮೀಟರ್ ಹಿಡಿದರೆ ಎಲ್ಲಾ ಕಡೆ ಒಂದೆರಡು ಮಿಲಿವೋಲ್ಟ್. ಲಿವರ್ ಎಳೆದರೆ ಬರೀ ಸ್ವರ.

ಮೀಟರ್ ಇಲ್ಲದೆಯೂ ಗೊತ್ತು ಮಾಡಿಕೊಳ್ಳಬಹುದು. ಕರಕರ ಒಂದೇ ಜಾಗದಲ್ಲಿ ಬಂದರೆ ಕೊಳೆ, ಇಲ್ಲವೇ ಸವೆತ. ಈ ತುದಿಯಿಂದ ಆ ತುದಿವರೆಗೂ ಒಂದೇ ಸಮ ಬಂದರೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ.

ಟ್ಯಾಬ್ ಸ್ವಿಚ್‌ಗಳ (ಒತ್ತಿ ಆನ್-ಆಫ್ ಮಾಡುವ ಪಟ್ಟಿ ಸ್ವಿಚ್) ಕಥೆ ಬೇರೆ. ಅಲ್ಲಿ ಬೆಳ್ಳಿ ಲೇಪದ ಕಾಂಟ್ಯಾಕ್ಟ್ ಕಪ್ಪಾಗಿರುತ್ತದೆ. ಅಮ್ಮ ಬೆಳ್ಳಿ ದೀಪ ತಿಕ್ಕೋದು ವಿಭೂತಿಯಲ್ಲಿ. ಅದನ್ನೇ ಒಂದು ಸ್ವಿಚ್ಚಿಗೆ ಹಾಕಿ ನೋಡಿದೆ. ಫಳಫಳ ಹೊಳೆಯಿತು, ನಿಜ. ಆದರೆ ಪುಡಿ ಉದುರಿ ಪಕ್ಕದ ಎರಡು ಸ್ವಿಚ್ ಬಾಯಿ ಮುಚ್ಚಿಕೊಂಡವು. ಅಮ್ಮ ನಕ್ಕು, "ದೇವರಿಗೆ ಹಚ್ಚೋದು ಮೆಷಿನ್ನಿಗೆ ಯಾಕೋ?" ಅಂದರು. ಈಗ ಗಟ್ಟಿ ವಿಸಿಟಿಂಗ್ ಕಾರ್ಡನ್ನು ಸೀಳಿ, ಐಪಿಎಯಲ್ಲಿ ಅದ್ದಿ, ಕಾಂಟ್ಯಾಕ್ಟ್ ಮಧ್ಯೆ ಎಳೆಯುತ್ತೇನೆ. ಕಾರ್ಡ್ ಕಪ್ಪಾಗೋದು ನಿಂತರೆ ಕೆಲಸ ಮುಗೀತು. ಸ್ಯಾಂಡ್‌ಪೇಪರ್ ಬೇಡ, ಲೇಪ ಹೋದರೆ ಮತ್ತೆ ಬರೋದಿಲ್ಲ. ಕೀ ಕೆಳಗಿನ ಬಸ್‌ಬಾರನ್ನೂ (ಕೀಗಳ ಕಾಂಟ್ಯಾಕ್ಟ್ ತಾಗುವ ಉದ್ದನೆ ಲೋಹದ ಸರಳು) ಹಳೇ ಕಾಟನ್ ಪಂಚೆಯ ಪಟ್ಟಿಯಲ್ಲಿ ಹೀಗೇ ಒರೆಸಿದೆ. ತೆಳ್ಳನೆ ಕಾಂಟ್ಯಾಕ್ಟ್ ತಂತಿ ಬಗ್ಗದ ಹಾಗೆ ಎಳೆಯೋಕೆ ಒಂದು ಉಪಾಯ ಇದೆ, ಅದನ್ನು ಕೂರಿಸಿ ತೋರಿಸಬೇಕು, ಬರೆದು ಹೇಳೋಕಾಗಲ್ಲ.

ಕಾಲಲ್ಲಿ ಸದ್ದು ಏರಿಳಿಸುವ ಎಕ್ಸ್‌ಪ್ರೆಶನ್ ಪೆಡಲ್‌ಗೂ ಕೆಲವರು ಸ್ಪ್ರೇ ಹೊಡೆಯುತ್ತಾರೆ. ನನ್ನದರಲ್ಲಿ ಅಲ್ಲಿ ಪಾಟೇ ಇಲ್ಲ. ಒಂದು ಬಲ್ಬು, ಒಂದು ಎಲ್‌ಡಿಆರ್ (ಬೆಳಕು ಬಿದ್ದಂತೆ ರೆಸಿಸ್ಟೆನ್ಸ್ ಬದಲಾಗುವ ಬಿಡಿಭಾಗ), ನಡುವೆ ಏರಿಳಿಯುವ ಒಂದು ತೆರೆ. ಬಲ್ಬ್ ಮಂಕಾಗಿ ಸದ್ದು ಕುಗ್ಗಿತ್ತು. ಇರಲಿ ಅಂತ ಎಲ್‌ಇಡಿ ಹಾಕಿದೆ. ಫಿಲಮೆಂಟ್ ಬಲ್ಬ್ ಆರೋಕೆ ಹೊತ್ತು ಬೇಕು, ಸಪ್ಲೈ ಏರಿಳಿತ ಅದರ ಬೆಳಕಲ್ಲಿ ಅಷ್ಟಾಗಿ ಕಾಣಿಸೋದಿಲ್ಲ. ಎಲ್‌ಇಡಿ ಹಾಗಲ್ಲ, ಪ್ರತಿ ಏರಿಳಿತಕ್ಕೂ ಕುಣಿಯುತ್ತದೆ. ಪೆಡಲ್ ಒತ್ತಿದಷ್ಟೂ 100 ಹರ್ಟ್ಸ್ ಗುಂಯ್ ಅಂತು. ದೊಡ್ಡ ಕಂಡೆನ್ಸರ್ ಹಾಕಿದಾಗ ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ. ಕೊನೆಗೆ ಬೈಕ್ ಸ್ಪೇರ್ಸ್ ಅಂಗಡಿಯಿಂದ 12 ವೋಲ್ಟಿನ ಸ್ಪೀಡೋಮೀಟರ್ ಬಲ್ಬ್ ತಂದು, ಸರಣಿಯಲ್ಲಿ ಒಂದು ರೆಸಿಸ್ಟರ್ ಸೇರಿಸಿ ಕೂರಿಸಿದೆ. 15 ರೂಪಾಯಿಗೆ ಪೆಡಲ್ ರೇಷ್ಮೆ.

ಒಟ್ಟು ಖರ್ಚು, ಸ್ಪ್ರೇ ಸೇರಿಸಿ, 4,500ರ ಒಳಗೆ. ಸ್ಪ್ರೇ ಬಿಟ್ಟು ನೋಡಿದರೆ ಸಾವಿರದ ಚಿಲ್ಲರೆ. ಮೊನ್ನೆ ಒಬ್ಬರು 30,000ಕ್ಕೆ ಕೇಳಿದರು, ಕೊಡಲಿಲ್ಲ.

ಬಾಕಿ ಉಳಿದಿರೋದು ಎಫ್ ಶಾರ್ಪ್ ಅನ್ನೋ ಒಂದು ಸ್ವರ. ಎರಡೂ ಕೀಬೋರ್ಡಲ್ಲಿ ಮೇಲಿನ ಆಕ್ಟೇವ್ ಬರುತ್ತದೆ, ಅಲ್ಲಿಂದ ಕೆಳಗೆ ಮೌನ. ಅದು ಕಾಂಟ್ಯಾಕ್ಟ್ ಅಲ್ಲ, ಡಿವೈಡರ್ (ಮೇಲಿನ ಸ್ವರದಿಂದ ಕೆಳಗಿನ ಆಕ್ಟೇವ್‌ಗಳನ್ನು ಮಾಡುವ ಸರ್ಕ್ಯೂಟ್). ಹೊಸ ಐಸಿ ಹುಡುಕೋಕೆ ಮುಂಚೆ ಆ ಬೋರ್ಡಿನ ಲೆಡ್‌ಗಳನ್ನೆಲ್ಲಾ ಒಂದು ಸಲ ಕರಗಿಸಿ ನೋಡಬೇಕು.