ಚಿಕಾಗೊ ಬ್ಲೂಸ್‌ನ ಪಕ್ಕವಾದ್ಯದವರು

ಎಲೆಕ್ಟ್ರಿಕ್ ಬ್ಲೂಸ್ (ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುಗಳನ್ನು ಆಂಪ್ಲಿಫೈಯರ್ ಹಾಕಿ ನುಡಿಸುವ ಸಂಗೀತ) ಅಂದ ತಕ್ಷಣ ನಮ್ಮ ಕಡೆ ಕೇಳುಗರ ಬಾಯಲ್ಲಿ ಬರುವ ಹೆಸರುಗಳು ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್, ಲಿಟಲ್ ವಾಲ್ಟರ್. ಮುಂಬೈಗೆ ಬಂದು ನುಡಿಸಿದ್ದರಿಂದ ಬಡ್ಡಿ ಗೈ ಕೂಡ. ಜಿಮ್ಮಿ ರಾಜರ್ಸ್, ಫ್ರೆಡ್ ಬಿಲೋ, ಎಡ್ಡಿ ಟೇಲರ್, ಅರ್ಲ್ ಹೂಕರ್ ಅಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಈ ಸಂಗೀತಕ್ಕೆ ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು, ಹಿಂದೆ ಕೂತು ಪಕ್ಕವಾದ್ಯ ನುಡಿಸಿದ ಈ ಎರಡನೇ ಸಾಲಿನವರೇ. ಅವರನ್ನು ಕೇಳೋದು ಹೇಗೆ ರೂಢಿಯಾಯಿತು ಅಂತ ಬರೆಯುತ್ತೇನೆ.

ಹಿನ್ನೆಲೆ ಚಿಕ್ಕದಾಗಿ. ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನ ಕೆಲಸ ಹುಡುಕಿಕೊಂಡು ರೈಲು ಹತ್ತಿ ಚಿಕಾಗೊಗೆ ಬಂದರು. ಮಡ್ಡಿ ವಾಟರ್ಸ್ ಬಂದದ್ದು 1943ರಲ್ಲಿ. ಗಿಜಿಗುಡುವ ಬಾರುಗಳಲ್ಲಿ ಬರೀ ಮರದ ಗಿಟಾರ್ ಯಾರಿಗೆ ಕೇಳಿಸುತ್ತದೆ? ಹಾಗಾಗಿ ಆಂಪ್ಲಿಫೈಯರ್ ಬಂತು, ಡ್ರಮ್ಸ್ ಬಂತು. ಪೋಲೆಂಡಿನಿಂದ ವಲಸೆ ಬಂದಿದ್ದ ಲಿಯೊನಾರ್ಡ್ ಮತ್ತು ಫಿಲ್ ಚೆಸ್ ಅಣ್ಣತಮ್ಮಂದಿರು 1950ರಲ್ಲಿ ಚೆಸ್ ರೆಕಾರ್ಡ್ಸ್ ಅಂತ ಹೆಸರಿಟ್ಟು ಇದನ್ನೆಲ್ಲ ಗ್ರಾಮಫೋನ್ ತಟ್ಟೆಗೆ ಇಳಿಸಿದರು.

ನಾನು ಮೊದಲು ರೂಢಿಸಿಕೊಂಡದ್ದು ಲೆಕ್ಕ. ಈ ಹಾಡುಗಳಲ್ಲಿ ಹೆಚ್ಚಿನವು ಹನ್ನೆರಡು ಬಾರ್‌ಗಳ ಸುತ್ತು. ಬಾರ್ ಅಂದರೆ ಇಲ್ಲಿ ನಮ್ಮ ತಾಳದ ಆವರ್ತದಂಥ ಒಂದು ಅಳತೆ. ಒಂದೊಂದು ಬಾರ್‌ನಲ್ಲಿ ನಾಲ್ಕು ಪೆಟ್ಟು. ತೊಡೆಯ ಮೇಲೆ ತಾಳ ಹಾಕುತ್ತಾ ಎಣಿಸಿದೆ. ಐದನೇ ಬಾರ್‌ಗೆ ಸ್ವರ ಬದಲಾಗುತ್ತದೆ, ಏಳಕ್ಕೆ ಮನೆಗೆ, ಅಂದರೆ ಶುರುವಾದ ಸ್ವರಕ್ಕೆ, ಬರುತ್ತದೆ, ಒಂಬತ್ತಕ್ಕೆ ಮೇಲೇರಿ ಕೊನೆಯಲ್ಲಿ ಮತ್ತೆ ಮನೆಗೆ. ಕೈಗೆ ಇದು ಕೂತ ಮೇಲೆ ಕಿವಿಗೆ ಬಿಡುವು ಸಿಗುತ್ತದೆ. ಹಾಡುವವನನ್ನು ಬಿಟ್ಟು ಬೇರೆಯವರ ಹಿಂದೆ ಹೋಗಬಹುದು. ಆಮೇಲೆ ಒಂದೇ ಹಾಡನ್ನು ಹಾಕಿ, ಒಂದು ಸಲ ಬರೀ ಡ್ರಮ್ಸ್, ಇನ್ನೊಂದು ಸಲ ಬರೀ ಎರಡನೇ ಗಿಟಾರ್, ಹೀಗೆ ಕೇಳುತ್ತಾ ಹೋದೆ. ಆಗಿನ ಧ್ವನಿಮುದ್ರಣಗಳು ಹೆಚ್ಚಾಗಿ ಮೋನೊ, ಎಲ್ಲ ದನಿಯೂ ಒಂದೇ ಕಡೆಯಿಂದ ಬರುತ್ತದೆ. ಹಾಗಾಗಿ ಒಂದು ಒಳ್ಳೆಯ ಸ್ಪೀಕರ್ ಇದ್ದರೆ ಸಾಕು. ಆಮೇಲೆ ಕೃತಕವಾಗಿ ಸ್ಟೀರಿಯೊ ಮಾಡಿ ಮಾರಿದ ಆವೃತ್ತಿಗಳೂ ಇವೆ. ಅವುಗಳಲ್ಲಿ ಡ್ರಮ್ಸ್ ಕಲಸಿಹೋಗುತ್ತದೆ, ದಯವಿಟ್ಟು ಬಿಟ್ಟುಬಿಡಿ.

ಶುರು ಮಾಡಲು ನನ್ನ ಆಯ್ಕೆ ಲಿಟಲ್ ವಾಲ್ಟರನ 'ಜೂಕ್'. 1952ರ ಮೇ ತಿಂಗಳಲ್ಲಿ ಮುದ್ರಿಸಿದ್ದು. ಹಾಡಿಲ್ಲ, ಬರೀ ಹಾರ್ಮೋನಿಕ (ಮೌತ್ ಆರ್ಗನ್). ಮೈಕನ್ನು ಹಾರ್ಮೋನಿಕದ ಜೊತೆ ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದು ಗಿಟಾರಿನ ಆಂಪ್ಲಿಫೈಯರ್‌ಗೆ ಕೊಟ್ಟಾಗ ಬರುವ ಆ ದಪ್ಪ ದನಿ ಸ್ಯಾಕ್ಸೊಫೋನಿನ ಹತ್ತಿರ ಹೋಗುತ್ತದೆ. ಅದನ್ನು ಕೇಳಿ ಖುಷಿಪಟ್ಟ ಮೇಲೆ ಕೆಳಗಿಳಿಯಿರಿ. ಇಲ್ಲಿ ತಗ್ಗು ಸ್ವರ ಹಿಡಿಯುವ ಬಾಸ್ ವಾದ್ಯವೇ ಇಲ್ಲ! ಎರಡು ಗಿಟಾರ್ ಸೇರಿ ಆ ಜಾಗ ತುಂಬುತ್ತವೆ. ನುಡಿಸಿದವರು ಜಿಮ್ಮಿ ರಾಜರ್ಸ್ ಮತ್ತು ಸ್ವತಃ ಮಡ್ಡಿ ವಾಟರ್ಸ್. ತಟ್ಟೆಯ ಲೇಬಲ್ ಮೇಲೆ ಮಾತ್ರ 'ಲಿಟಲ್ ವಾಲ್ಟರ್ ಅಂಡ್ ಹಿಸ್ ನೈಟ್ ಕ್ಯಾಟ್ಸ್' ಅಂತಷ್ಟೇ ಇತ್ತು. ನಮ್ಮ ಕಛೇರಿಗಳಲ್ಲಿ ಪಿಟೀಲು, ಮೃದಂಗದವರ ಹೆಸರು ಕರಪತ್ರದಲ್ಲೇ ಇರುತ್ತದೆ ಅಲ್ವಾ? ಅಲ್ಲಿ ಮಡ್ಡಿ ವಾಟರ್ಸ್‌ನಂಥವನೂ ಹೆಸರಿಲ್ಲದೆ ಹಿಂದೆ ಕೂತು ನುಡಿಸಿದ.

'ಜೂಕ್' ಆದ ಕೂಡಲೇ 1953ರ 'ಆಫ್ ದಿ ವಾಲ್' ಹಾಕಿ. ಅದೇ ವಾಲ್ಟರ್, ಅದೇ ಹಾರ್ಮೋನಿಕ. ಆದರೆ ನೆಲವೇ ಬೇರೆ. ಅಷ್ಟರಲ್ಲಿ ವಾಲ್ಟರ್ ಮಡ್ಡಿಯ ತಂಡ ಬಿಟ್ಟು 'ಏಸಸ್' ತಂಡದ ಜೊತೆ ಸೇರಿದ್ದ. ಲೂಯಿ ಮತ್ತು ಡೇವ್ ಮೈಯರ್ಸ್ ಸೋದರರ ಗಿಟಾರ್, ಫ್ರೆಡ್ ಬಿಲೋನ ಡ್ರಮ್ಸ್. ಬಿಲೋ ಜಾಝ್ ಕಲಿತು ಬಂದವನು. ಎರಡು ಮತ್ತು ನಾಲ್ಕನೇ ಪೆಟ್ಟಿಗೆ ಸ್ನೇರ್ ಡ್ರಮ್ಮಿನ ಏಟು ಬೀಳುತ್ತಿದ್ದರೂ ಮೇಲೆ ಸಿಂಬಲ್ (ಕಂಚಿನ ತಾಳದ ತಟ್ಟೆ) ತೂಗುತ್ತಲೇ ಇರುತ್ತದೆ. ಭಾರ ಎಲ್ಲೂ ಇಲ್ಲ, ಓಟ ಜಾಸ್ತಿ. ಈ ಎರಡು ತಟ್ಟೆಗಳನ್ನು ಒಂದರ ಹಿಂದೆ ಒಂದು ಕೇಳಿದಷ್ಟು ನನಗೆ ಬೇರೆ ಯಾವ ಪಾಠವೂ ಕಲಿಸಿಲ್ಲ. ಒಮ್ಮೆ ಬಿಲೋನ ಕೈ ಗುರುತು ಸಿಕ್ಕಿದರೆ ಅವನು ಎಲ್ಲೆಲ್ಲೋ ಸಿಗುತ್ತಾನೆ. ರಾಕ್ ಅಂಡ್ ರೋಲ್ ಗಾಯಕ ಚಕ್ ಬೆರ್ರಿಯ 'ಜಾನಿ ಬಿ. ಗುಡ್' ಕೇಳದವರು ಯಾರು? ಅದರಲ್ಲಿ ಡ್ರಮ್ಸ್ ಬಾರಿಸಿದವನೂ ಅವನೇ.

ಜಿಮ್ಮಿ ರಾಜರ್ಸ್ ನನಗೆ ತುಂಬಾ ಬೇಕಾದವನು. ಮಡ್ಡಿ ಸ್ಲೈಡ್ (ಬೆರಳಿಗೆ ಹಾಕಿ ತಂತಿಯ ಮೇಲೆ ಜಾರಿಸುವ ಕೊಳವೆ) ಎಳೆಯುವಾಗ ಇವನು ಕೆಳಗಿನ ತಂತಿಗಳಲ್ಲಿ ನಡೆಯುತ್ತಿರುತ್ತಾನೆ. ಹಾಡಿನ ಸಾಲು ಮುಗಿಯುವ ಕಡೆ ಎರಡು ಸ್ವರ ಹಾಕಿ ಹಿಂದೆ ಸರಿಯುತ್ತಾನೆ. ಜೋರಾಗಿ ನುಡಿಸಬೇಕು ಅನ್ನುವ ಹಟವೇ ಇಲ್ಲ. ಅವನದೇ ಹೆಸರಿನ ಹಾಡುಗಳೂ ಇವೆ. 1956ರಲ್ಲಿ ಮುದ್ರಿಸಿದ 'ವಾಕಿಂಗ್ ಬೈ ಮೈಸೆಲ್ಫ್' ಖಂಡಿತ ಕೇಳಿ. ಅದರ ನಡುವೆ ಬಿಗ್ ವಾಲ್ಟರ್ ಹಾರ್ಟನ್‌ನ ಹಾರ್ಮೋನಿಕ ನುಗ್ಗಿ ಬರುವ ಜಾಗಕ್ಕೆ ನಾನು ಈಗಲೂ ಕಾಯುತ್ತಾ ಕೂರುತ್ತೇನೆ. ಅರವತ್ತರ ದಶಕದಲ್ಲಿ ರಾಜರ್ಸ್ ಸಂಗೀತ ಬಿಟ್ಟು ಬಟ್ಟೆ ಅಂಗಡಿ ಇಟ್ಟ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದಾಗ ಎದ್ದ ಗಲಭೆಯಲ್ಲಿ ಅದು ಸುಟ್ಟುಹೋಯಿತು. ಎಪ್ಪತ್ತರ ದಶಕದಲ್ಲಿ ಮತ್ತೆ ಗಿಟಾರ್ ಹಿಡಿದು ಬಂದ.

ಎಡ್ಡಿ ಟೇಲರ್ ಇದ್ದದ್ದು ಇನ್ನೊಂದು ಕಂಪನಿಯಲ್ಲಿ, ವೀ-ಜೇ. ಹಾಡುಗಾರ ಜಿಮ್ಮಿ ರೀಡನ ಬಾಲ್ಯದ ಗೆಳೆಯ, ಅವನಿಗೆ ಗಿಟಾರ್ ಹೇಳಿಕೊಟ್ಟವನು. ರೀಡ್ ಹಾಡಿದ್ದಕ್ಕೆ ಹೆಸರು ಬಂತು. ಆ ಹಾಡುಗಳು ಸೋಮಾರಿಯಾಗಿ, ಆದರೆ ಎಲ್ಲೂ ನಿಲ್ಲದೆ ಉರುಳುತ್ತಾ ಹೋಗುತ್ತವಲ್ಲ, ಆ ಉರುಳು ಟೇಲರನದು. 1955ರ ಅವನದೇ 'ಬಿಗ್ ಟೌನ್ ಪ್ಲೇಬಾಯ್' ಕೇಳಿದರೆ ನಾನು ಹೇಳುವುದು ಗೊತ್ತಾಗುತ್ತದೆ. ಇನ್ನೊಂದು ಮಾತು. 1961ರ 'ಬ್ರೈಟ್ ಲೈಟ್ಸ್, ಬಿಗ್ ಸಿಟಿ'ಯಲ್ಲಿ ರೀಡನ ದನಿಯ ಜೊತೆಗೆ ಒಂದು ಹೆಣ್ಣು ದನಿಯೂ ಸಣ್ಣಗೆ ಕೇಳಿಸುತ್ತದೆ. ಅದು ಅವನ ಹೆಂಡತಿ ಮಾಮಾ ರೀಡ್. ಮೈಕಿನ ಮುಂದೆ ಗಂಡನಿಗೆ ಸಾಲು ನೆನಪಿಸಿಕೊಡುತ್ತಿದ್ದವಳೂ ಅವಳೇ.

ಅರ್ಲ್ ಹೂಕರನ ವಿಷಯ ಹೇಳದೆ ಬಿಡಲಾರೆ. 1961ರಲ್ಲಿ ಅವನು 'ಬ್ಲೂ ಗಿಟಾರ್' ಅಂತ ಹಾಡಿಲ್ಲದ ಒಂದು ತುಣುಕು ನುಡಿಸಿದ. ಮರುವರ್ಷ ಅದೇ ಮುದ್ರಣದ ಮೇಲೆ ಮಡ್ಡಿ ವಾಟರ್ಸ್‌ನಿಂದ ಹಾಡಿಸಿದರು. ಅದೇ 'ಯೂ ಶುಕ್ ಮಿ'. ಎರಡನ್ನೂ ಕೇಳಿ. ಹಾಡು ಬಂದ ಮೇಲೂ ಮಾತಾಡುತ್ತಿರುವುದು ಹೂಕರನ ಸ್ಲೈಡ್ ಗಿಟಾರೇ ಅನ್ನಿಸುತ್ತದೆ. ಕ್ಷಯದಿಂದ ನರಳಿ ನಲವತ್ತರ ಆಸುಪಾಸಿನಲ್ಲೇ 1970ರಲ್ಲಿ ತೀರಿಕೊಂಡ. ಇಂಥ ಕೈ ಇದ್ದವನಿಗೆ ಸಿಗಬೇಕಾದಷ್ಟು ಸಿಗಲಿಲ್ಲ ಅಂತ ನನಗೆ ಇವತ್ತಿಗೂ ಸಂಕಟ.

ಹೆಸರುಗಳು ಸಿಗುವುದು ಎಲ್ಲಿ? ಸ್ಟ್ರೀಮಿಂಗ್ ಆಪ್‌ಗಳನ್ನು ಇದಕ್ಕೆ ನಂಬಿಕೊಳ್ಳೋ ಹಾಗಿಲ್ಲ. ಹಳೆಯ ಮುದ್ರಣಗಳನ್ನು ಒಟ್ಟುಮಾಡಿದ ಸಿಡಿ ಸೆಟ್‌ಗಳ ಒಳಗಿನ ಪುಸ್ತಿಕೆಯಲ್ಲಿ ಯಾವ ದಿನ, ಯಾರು ಏನು ನುಡಿಸಿದರು ಅಂತ ಕೊಟ್ಟಿರುತ್ತಾರೆ. ಒಂದು ಹೆಸರು ಹಿಡಿದು ಅವನು ನುಡಿಸಿದ ಮುಂದಿನ ತಟ್ಟೆಗೆ ಹೋಗುತ್ತೇನೆ, ಅಲ್ಲಿ ಇನ್ನೊಬ್ಬ ಸಿಗುತ್ತಾನೆ.

ಈಗ ನಾನು ಪಿಯಾನೊ ಹಿಂದೆ ಬಿದ್ದಿದ್ದೇನೆ. ಓಟಿಸ್ ಸ್ಪ್ಯಾನ್. ಮಡ್ಡಿಯ ಹಾಡುಗಳಲ್ಲಿ ಸಾಲು ಮುಗಿದು ಇನ್ನೊಂದು ಸಾಲು ಶುರುವಾಗುವ ನಡುವೆ ಬಲಗೈಯಲ್ಲಿ ಉದುರಿಸುವ ಸ್ವರಗಳು ಇವನವು. 1960ರ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಮಡ್ಡಿಯ ತಂಡ ನುಡಿಸಿದ್ದರ ಮುದ್ರಣದಲ್ಲಿ ಕೊನೆಯ ಹಾಡು ಮಡ್ಡಿಯದಲ್ಲ. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅಲ್ಲೇ ಕೂತು ಬರೆದುಕೊಟ್ಟ ಸಾಲುಗಳನ್ನು ಸ್ಪ್ಯಾನ್ ಹಾಡುತ್ತಾನೆ. ಸ್ಪ್ಯಾನ್ ಗೊತ್ತಿಲ್ಲದವರು ಅಲ್ಲಿಂದಲೇ ಶುರು ಮಾಡಬಹುದು.